ಮಾಜೂರನ ಗಾಡಿ

ನನ್ನ ಖಾಲಾನ ಮಗನ ಸ್ಕೂಟರಿನ ಆರ್.ಸಿ. ಪುಸ್ತಕದಲ್ಲಿ, ವಾಹನದ ವರ್ಗ ಎಂಬ ಕಡೆ, ‘ಇನ್‌ವ್ಯಾಲಿಡ್ ಕ್ಯಾರೇಜ್’ ಎಂದು ಅಚ್ಚಾಗಿದೆ. ಇಂಗ್ಲಿಷಿನಲ್ಲಿ ಆ ಒಂದೇ ಸ್ಪೆಲಿಂಗಿಗೆ ಎರಡು ಅರ್ಥ. ಒಂದು, ಕಾಯಿಲೆಯವನು, ಕೈಲಾಗದವನು. ಇನ್ನೊಂದು, ಅಸಿಂಧು. ಮತಪತ್ರ ಅಸಿಂಧುವಾಯಿತು ಅನ್ನುತ್ತೇವಲ್ಲ, ಅದು. ‘ಅಸಿಂಧು ಆಗಿರೋದು ಗಾಡಿಯೋ ನಾನೋ, ನೀನು ಕಥೆ ಬರೆಯೋನು, ನೀನೇ ಹೇಳು’ ಎಂದು ಅವನು ನಗುತ್ತಾನೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಈ ಪದವೇ ಇತ್ತು. 2019ರ ತಿದ್ದುಪಡಿಯಲ್ಲಿ ಅದನ್ನು ತೆಗೆದು ‘ಅಡಾಪ್ಟೆಡ್ ವೆಹಿಕಲ್’ ಎಂದು ಹಾಕಿದರು. ಹೊಂದಿಸಿಕೊಂಡ ವಾಹನ ಎಂದು ಅದರ ಅರ್ಥ. ಅವನ ಪುಸ್ತಕ ಹಳೆಯದು, ಹಾಗಾಗಿ ಅವನಿನ್ನೂ ಹಳೆಯ ಪದದ ಮೇಲೇ ಸವಾರಿ ಮಾಡುತ್ತಿದ್ದಾನೆ.

ಪದಗಳ ವಿಷಯ ಬಂತು, ಹೇಳಿಬಿಡುತ್ತೇನೆ. ನಾನು ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಅಲ್ಲಿಂದ ಮುಂದೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಹಾಗಾಗಿ ಒಂದು ಪದವನ್ನು ಕಂಡರೆ ಎರಡು ಕಡೆಯಿಂದ ತಟ್ಟಿ ನೋಡುವ ಚಟ. ಕನ್ನಡದ ಅಂಗವಿಕಲ ಈಗ ಸರ್ಕಾರಿ ಕಾಗದಗಳಲ್ಲಿ ವಿಕಲಚೇತನನಾಗಿದ್ದಾನೆ. ಊನ ಆದದ್ದು ಕಾಲಿಗೆ, ಹೊರೆಸಿದ್ದು ಚೇತನಕ್ಕೆ. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ‘ದಿವ್ಯಾಂಗ’ ಎಂದು ಕರೆಯೋಣ ಎಂದರು. ನೋಯುವ ಕಾಲಿಗೆ ದಿವ್ಯ ಎಂಬ ಹೆಸರಿಟ್ಟರೆ ಕ್ಯಾಲಿಪರ್ ಉಜ್ಜಿದ ಗಾಯ ಮಾಯುವುದಿಲ್ಲ. ಉರ್ದುವಿನಲ್ಲಿ ನಮ್ಮ ಮನೆಗಳಲ್ಲಿ ಬಳಸುವ ಪದ ಮಾಜೂರ್. ಉಜ್ರ್ ಇರುವವನು, ಅಂದರೆ ಬರದಿರುವುದಕ್ಕೆ, ಮಾಡದಿರುವುದಕ್ಕೆ ಒಪ್ಪತಕ್ಕ ಕಾರಣ ಉಳ್ಳವನು. ಮಾಫಿ ಪಡೆದವನು ಎಂದರೂ ಸರಿ. ಈ ಪದದಲ್ಲಿ ಕರುಣೆ ಇದೆ. ನಿಂತು ನಮಾಜು ಮಾಡಲಾಗದವನು ಕೂತು ಮಾಡಲಿ, ಕೂರಲೂ ಆಗದವನು ಮಲಗಿ ಮಾಡಲಿ ಎನ್ನುವ ಕರುಣೆ. ಆದರೆ ಜನರ ಬಾಯಲ್ಲಿ ಅದು ಬೇರೆಯದೇ ಆಗುತ್ತದೆ. ‘ನೀನು ಮಾಜೂರ್, ನೀನು ಬರದಿದ್ದರೂ ನಡೆಯುತ್ತೆ’ ಎನ್ನುವ ಮಾತು ಕೇಳುವವನಿಗೆ ಮಾಫಿಯ ಹಾಗೆ ಕೇಳಿಸುವುದಿಲ್ಲ.

ಅವನು ನನಗಿಂತ ಮೂರು ವರ್ಷ ದೊಡ್ಡವನು. ನಾನು ಭಾಯ್ ಎನ್ನುತ್ತೇನೆ. ಎರಡು ವರ್ಷದವನಿದ್ದಾಗ ಜ್ವರ ಬಂದು ಬಲಗಾಲು ಪೂರ್ತಿ, ಎಡಗಾಲು ಅರ್ಧ ಹೋಯಿತು. ಪಲ್ಸ್ ಪೋಲಿಯೊ ನಮ್ಮ ದೇಶದಲ್ಲಿ ಶುರುವಾದದ್ದು 1995ರಲ್ಲಿ, ಕೊನೆಯ ಪ್ರಕರಣ ಹೌರಾದಲ್ಲಿ ಕಂಡದ್ದು 2011ರ ಜನವರಿಯಲ್ಲಿ, ದೇಶ ಪೋಲಿಯೊಮುಕ್ತ ಎಂದು ಘೋಷಣೆಯಾದದ್ದು 2014ರ ಮಾರ್ಚ್ 27ಕ್ಕೆ. ಎಲ್ಲ ಒಳ್ಳೆಯದೇ ಆಯಿತು. ಆದರೆ ಆ ಎರಡು ಹನಿ ಬರುವ ಮೊದಲು ಹುಟ್ಟಿದ ತಲೆಮಾರೊಂದು ಈಗ ನಲವತ್ತು, ಐವತ್ತು ದಾಟಿ ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿಯ ರಸ್ತೆಗಳಲ್ಲಿ ಎಕ್ಸ್‌ಟ್ರಾ ವೀಲ್ ಹಾಕಿಸಿದ ಸ್ಕೂಟರುಗಳಲ್ಲಿ ಓಡಾಡುತ್ತಿದೆ. ಕಾಯಿಲೆ ಹೋಯಿತೆಂದು ಕಾಯಿಲೆಯವರನ್ನೂ ಮರೆತುಬಿಟ್ಟ ಹಾಗಿದೆ.

ಭಾಯ್ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವನು. ಹಳೆಯ ಕೈ ಲೇತಿನಲ್ಲಿ ನೆಲಕ್ಕೆ ಕೂತು, ಒಂದು ಕೈಯಲ್ಲಿ ಬಿಲ್ಲು ಎಳೆಯುತ್ತ, ಇನ್ನೊಂದು ಕೈಯಲ್ಲಿ ಉಳಿ ಹಿಡಿದು, ಕಾಲ್ಬೆರಳಿನಿಂದ ಅದನ್ನು ಒತ್ತಿ ನಿಲ್ಲಿಸಿಕೊಳ್ಳಬೇಕು. ಅವನಿಗೆ ಆ ಕಾಲ್ಬೆರಳು ಇಲ್ಲದ ಹಾಗೆಯೇ. ಕರೆಂಟ್ ಲೇತ್ ಬಂದದ್ದು ಅವನ ಪಾಲಿಗೆ ಕಾಲು ಬಂದ ಹಾಗಾಯಿತು. ಆಲೆ ಮರದ ತುಂಡು ತಿರುಗುತ್ತಿದ್ದರೆ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾನೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಗೊಂಬೆಗಾಡಿಯ ಚಕ್ರಗಳನ್ನು ಅವನಷ್ಟು ಸಮನಾಗಿ ಕಡೆಯುವವರು ಆ ಬೀದಿಯಲ್ಲಿ ಕಡಿಮೆ. ಚಕ್ರದ ನಡು ಎಲ್ಲಿದೆಯೆಂದು ಅವನ ಹೆಬ್ಬೆರಳಿಗೆ ಗೊತ್ತು. ತನ್ನ ಬೈಸಾಖಿಯ ಹಿಡಿಯನ್ನೂ ಅವನೇ ಕಡೆದುಕೊಂಡಿದ್ದಾನೆ. ಅಂಗಡಿಯಲ್ಲಿ ಸಿಗುವ ಹಿಡಿ ಅಂಗೈಯನ್ನು ಕೊರೆಯುತ್ತದಂತೆ.

ಅವನ ಗಾಡಿಗಳ ಸರಣಿಯನ್ನು ಹೇಳಿದರೆ ಅದೇ ಒಂದು ಚರಿತ್ರೆ. ಮೊದಲನೆಯದು ಹಲಗೆಗೆ ನಾಲ್ಕು ಬೇರಿಂಗ್ ಹಾಕಿದ್ದು. ನಾವು ಹುಡುಗರು ಅದನ್ನು ತಳ್ಳುತ್ತಿದ್ದೆವು, ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವರೂ ನಾವೇ. ಎರಡನೆಯದು ಕೈಯಿಂದ ಪೆಡಲು ತಿರುಗಿಸುವ ಮೂರು ಚಕ್ರದ ಸೈಕಲ್ಲು, ಯಾವುದೋ ಶಿಬಿರದಲ್ಲಿ ಕೊಟ್ಟದ್ದು. ಅಂಥವನ್ನು ಮಾಡಲೆಂದೇ ಕಾನ್ಪುರದಲ್ಲಿ ಕೇಂದ್ರ ಸರ್ಕಾರದ ಅಲಿಮ್ಕೊ ಸಂಸ್ಥೆ 1972ರಲ್ಲಿ ಹುಟ್ಟಿತು. ಬಯಲು ಸೀಮೆಯ ಸಮತಟ್ಟು ರಸ್ತೆಗೆ ಅದು ಸರಿ. ನಮ್ಮ ಬಂಡೆಗಳ ಸೀಮೆಯಲ್ಲಿ ಏರು ಬಂದರೆ ತೋಳು ಸೋಲುತ್ತದೆ, ಇಳಿಜಾರು ಬಂದರೆ ಎದೆ ಹೊಡೆದುಕೊಳ್ಳುತ್ತದೆ.

ಬಜಾಜ್ ಚೇತಕ್ ಊರೆಲ್ಲ ಓಡಾಡುತ್ತಿದ್ದ ಕಾಲದಲ್ಲಿ ಅವನಿಗೆ ಅದು ನೋಡಲಿಕ್ಕೆ ಮಾತ್ರ. ಹಿಂದಿನ ಬ್ರೇಕು ಬಲಗಾಲಿನಲ್ಲಿ, ಸ್ಟಾರ್ಟ್ ಮಾಡುವುದು ಕಾಲಿನಿಂದ ಒದ್ದು. 1984ರಲ್ಲಿ ಕೈನೆಟಿಕ್ ಹೋಂಡಾ ಬಂತು. ಗೇರಿಲ್ಲ, ಗುಂಡಿ ಒತ್ತಿದರೆ ಸ್ಟಾರ್ಟ್, ಎರಡು ಬ್ರೇಕೂ ಕೈಯಲ್ಲಿ. ಅದನ್ನು ಮಾಡಿದವರು ಪೋಲಿಯೊ ಕಾಲಿನವರನ್ನು ನೆನೆದು ಮಾಡಿದರೆಂದು ನಾನು ತಿಳಿದಿಲ್ಲ. ಆದರೆ ದೇಶದಲ್ಲಿ ಸಾವಿರಾರು ಜನರಿಗೆ ಅದು ಬಾಗಿಲು ತೆರೆಯಿತು. ಹದಿನೇಳು ವರ್ಷ ತಡವಾಗಿ, ಸೆಕೆಂಡ್ ಹ್ಯಾಂಡಿನಲ್ಲಿ, ನಮ್ಮ ಭಾಯ್‌ಗೂ ತೆರೆಯಿತು.

ಅದಕ್ಕೆ ಪಕ್ಕದ ಚಕ್ರ ಹಾಕಿಕೊಟ್ಟವರು ರಾಮನಗರದ ವೆಲ್ಡಿಂಗ್ ಅಂಗಡಿಯ ಆಚಾರ್ರು. ಮೊದಲ ಸಲ ಗಟ್ಟಿ ಸಲಾಕೆಗೆ ಎರಡು ಚಕ್ರ ಸಿಕ್ಕಿಸಿ ಚಾಸಿಗೆ ಬಿಗಿದರು. ಮರುದಿನವೇ ತೊಂದರೆ. ಪಕ್ಕದ ಎರಡೂ ಚಕ್ರ ಉಬ್ಬಿನ ಮೇಲೆ ಕೂತವು, ನಡುವಿನ ಹಿಂಚಕ್ರ ಗುಂಡಿಯ ಮೇಲೆ ಗಾಳಿಯಲ್ಲಿ ತೂಗಿತು. ಇಂಜಿನ್ ಅರಚುತ್ತಿದೆ, ಗಾಡಿ ನಿಂತಲ್ಲೇ ಇದೆ. ‘ಸಾಬ್ರೇ, ಇದಕ್ಕೆ ಮಂಡಿ ಇಲ್ಲ ಕಣ್ರೀ, ಅದಕ್ಕೇ ಹಿಂಗೆ’ ಎಂದರಂತೆ ಆಚಾರ್ರು. ಮಂಡಿ ಇಲ್ಲದವನ ಎದುರಿಗೆ ಮಂಡಿಯ ಮಾತು! ಇಬ್ಬರೂ ನಕ್ಕಿದ್ದಾರೆ. ಮೊಪೆಡ್ಡಿನ ಹಳೆಯ ಶಾಕ್ ಅಬ್ಸಾರ್ಬರ್ ಎರಡನ್ನು ತಂದು ಪಕ್ಕದ ಚಕ್ರಗಳಿಗೆ ಕೂರಿಸಿದ ಮೇಲೆ ಅವು ರಸ್ತೆಯ ಏರಿಳಿತಕ್ಕೆ ತಕ್ಕಂತೆ ಬಾಗತೊಡಗಿದವು. ಇನ್ನೊಂದು ಪಾಠ ಮಾಗಡಿಯ ದಾರಿಯಲ್ಲಿ ಆಯಿತು. ತಿರುವಿನಲ್ಲಿ ಎರಡು ಚಕ್ರದ ಸ್ಕೂಟರ್ ಒಳಕ್ಕೆ ವಾಲುತ್ತದೆ. ಪಕ್ಕದ ಚಕ್ರವಿರುವುದು ವಾಲಲಾರದು, ಸವಾರನನ್ನು ಹೊರಕ್ಕೆ ಎಸೆಯಲು ನೋಡುತ್ತದೆ. ತಿರುಪತಿಗೆ ಹೊರಟ ಹಾಗೆ ನಿಧಾನ ಹೋಗು ಎಂದು ಆಚಾರ್ರು ಬುದ್ಧಿ ಹೇಳಿದರು. ಮಾಗಡಿ ರಂಗನಾಥಸ್ವಾಮಿ ಜಾತ್ರೆಗೆ ಗೊಂಬೆ ಚೀಲ ಕಟ್ಟಿಕೊಂಡು ಅವನು ಈಗಲೂ ಆ ತಿರುವುಗಳನ್ನು ಹಾಗೆಯೇ ದಾಟುತ್ತಾನೆ.

2017ರಲ್ಲಿ ಮೈಸೂರು ರಸ್ತೆಯ ಕಡೆಯ ರೆಸಾರ್ಟೊಂದರಲ್ಲಿ ನಮ್ಮ ನೆಂಟರ ಮದುವೆ ಆಯಿತು. ಗೇಟಿನಿಂದ ಶಾಮಿಯಾನದವರೆಗೆ ಅತಿಥಿಗಳನ್ನು ಸಾಗಿಸಲು ಗಾಲ್ಫ್ ಕಾರ್ಟುಗಳಿದ್ದವು, ಸದ್ದಿಲ್ಲದ ಬಿಳಿಯ ಗಾಡಿಗಳು. ಬಿಡದಿಯ ಈಗಲ್ಟನ್ನಿನಲ್ಲಿ ಗಾಲ್ಫ್ ಆಡುತ್ತಾರೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಆದರೆ ಆ ಆಟದ ಗಾಡಿಯಲ್ಲಿ ಕೂರುವುದು ನಮ್ಮಿಬ್ಬರಿಗೂ ಅದೇ ಮೊದಲು. ಭಾಯ್ ಬಿರಿಯಾನಿ ಬಿಟ್ಟು ಆ ಗಾಡಿಯ ಸುತ್ತಲೇ ಬೈಸಾಖಿ ಊರಿಕೊಂಡು ತಿರುಗಿದ. ಬಗ್ಗಿ ಅಡಿಯನ್ನು ನೋಡಿದ. ‘ಭಾರವೆಲ್ಲ ಸೀಟಿನ ಕೆಳಗಿದೆ ನೋಡು, ಬ್ಯಾಟರಿ. ಅದಕ್ಕೇ ಮಗುಚಲ್ಲ’ ಎಂದ. ಆಮೇಲೆ ಡ್ರೈವರ್ ಹುಡುಗನನ್ನು, ‘ಈ ಪೆಡಲನ್ನು ಕೈಗೆ ತರಬಹುದಲ್ವಾ?’ ಎಂದು ಕೇಳಿದ. ಹುಡುಗ, ‘ಯಾಕಣ್ಣ, ನಾನಿದ್ದೀನಲ್ಲ ಓಡಿಸೋಕೆ’ ಎಂದ. ಒಳ್ಳೆಯ ಹುಡುಗ, ಒಳ್ಳೆಯ ಮಾತು. ಆದರೆ ಬೇರಿಂಗ್ ಗಾಡಿ ತಳ್ಳುತ್ತಿದ್ದ ನಾವೂ ಅದನ್ನೇ ಹೇಳುತ್ತಿದ್ದೆವು.

ಅವನ ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಓದಿದೆ. ಮೊದಲು ತಿಳಿದ ಸಂಗತಿಯೇ ನನ್ನನ್ನು ಬೆರಗಾಗಿಸಿತು. ಅಮೆರಿಕದಲ್ಲಿ 1930ರಿಂದ 50ರವರೆಗೆ ಗಾಲ್ಫ್ ಗಾಡಿಯನ್ನು ಹೆಚ್ಚಾಗಿ ಬಳಸುತ್ತಿದ್ದವರು ದೂರ ನಡೆಯಲಾಗದವರೇ. ಅವರಿಗಾಗಿ ಬಂದ ಗಾಡಿಯ ಮೇಲೆ ಆಮೇಲೆ ಕಾಲು ಗಟ್ಟಿ ಇದ್ದವರೆಲ್ಲ ಹತ್ತಿದರು. ಹತ್ತಿದ ಮೇಲೆ ಅದರ ಪೆಡಲು ಪಾದದ ಬಳಿಯೇ ಉಳಿಯಿತು, ಸೀಟು ಮುಂದಕ್ಕೇ ನೋಡಿಕೊಂಡಿತು. ಕಾಲಿಲ್ಲದವರಿಗಾಗಿ ಅದನ್ನು ಮತ್ತೆ ಹೊಸದಾಗಿ ವಿನ್ಯಾಸ ಮಾಡಬೇಕಾಯಿತು.

ಹಾಗೆ ಮಾಡಿದ ಗಾಡಿಗಳಲ್ಲಿ ನನಗೆ ಹಿಡಿಸಿದ್ದು ಒಂದು ವಿಷಯ. ಅವು ಆಟಗಾರನನ್ನು ಚೆಂಡಿನ ಹತ್ತಿರ ಇಳಿಸಿ ಕೈ ತೊಳೆದುಕೊಳ್ಳುವುದಿಲ್ಲ. ಸೀಟು ಪಕ್ಕಕ್ಕೆ ತಿರುಗುತ್ತದೆ, ವೇಗವೂ ಬ್ರೇಕೂ ಕೈಯಲ್ಲಿ, ಕೋಲುಗಳ ಚೀಲ ಕೈಗೆಟಕುವಲ್ಲಿ. ಎಳೆಯ ಹುಲ್ಲು ನಲುಗದಂತೆ ಚಕ್ರ ಅಗಲ, ಗಾಳಿ ಕಡಿಮೆ. ದಕ್ಷಿಣ ಆಫ್ರಿಕಾ ಮೂಲದ ಆಂಟನಿ ನೆಟ್ಟೊ ಎಂಬ ಗಾಲ್ಫ್ ಆಟಗಾರ ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡ ಮೇಲೆ ರೂಪಿಸಿದ ಪ್ಯಾರಾಗಾಲ್ಫರ್ ಎಂಬ ಮೂರು ಚಕ್ರದ ಗಾಡಿಯಲ್ಲಿ ಎದೆಗೂ ಮಂಡಿಗೂ ಪಟ್ಟಿ ಬಿಗಿದುಕೊಂಡು ಗುಂಡಿ ಒತ್ತಿದರೆ ಸೀಟೇ ಎದ್ದು ಮನುಷ್ಯನನ್ನು ನಿಲ್ಲಿಸುತ್ತದೆ. ಅವನು ಅಲ್ಲಿಂದಲೇ ಚೆಂಡು ಹೊಡೆಯುತ್ತಾನೆ. ನಿಲ್ಲಿಸುವ ಕುರ್ಚಿ ನಮ್ಮಲ್ಲೂ ಇದೆ. ಮದರಾಸಿನ ಐಐಟಿಯವರು 2019ರಲ್ಲಿ ‘ಅರೈಸ್’ ಎಂಬ ಹೆಸರಿನಲ್ಲಿ ತಂದರು. ಅಲ್ಲಿಂದಲೇ ಹುಟ್ಟಿದ ನಿಯೋಮೋಷನ್ ಸಂಸ್ಥೆಯ ನಿಯೋಬೋಲ್ಟ್ ಎಂಬುದನ್ನು ಗಾಲಿಕುರ್ಚಿಯ ಮುಂದೆ ಸಿಕ್ಕಿಸಿಕೊಂಡರೆ ಅದೇ ಬ್ಯಾಟರಿ ಗಾಡಿಯಾಗಿ ಗಂಟೆಗೆ 25 ಕಿ.ಮೀ. ಓಡುತ್ತದೆ.

ನೆಟ್ಟೊ ಒಬ್ಬನೇ ಅಲ್ಲ. 1655ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಬಳಿ ಸ್ಟೀಫನ್ ಫಾರ್ಫ್ಲರ್ ಎಂಬ ನಡೆಯಲಾಗದ ಗಡಿಯಾರ ಕುಶಲಿ ಹಲ್ಲುಚಕ್ರ ಜೋಡಿಸಿ ಕೈಯಿಂದ ತಿರುಗಿಸುವ ಮೂರು ಚಕ್ರದ ಕುರ್ಚಿಯನ್ನು ತನಗಾಗಿ ಮಾಡಿಕೊಂಡ. 1933ರಲ್ಲಿ ಮಡಚುವ ಗಾಲಿಕುರ್ಚಿಯನ್ನು ಗೆಳೆಯ ಜೆನ್ನಿಂಗ್ಸ್ ಜೊತೆ ಸೇರಿ ರೂಪಿಸಿದ ಹರ್ಬರ್ಟ್ ಎವರೆಸ್ಟ್, ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡ ಇಂಜಿನಿಯರ್. ಕೂರುವವನೂ ಕಬ್ಬಿಣ ಬಗ್ಗಿಸುವವನೂ ಎದುರುಬದುರು ಕೂತಾಗ ಹುಟ್ಟಿದ ಗಾಡಿಗಳಿವು. ನಮ್ಮ ಪಟ್ಟಣಗಳಲ್ಲಿ ಸ್ಥಳೀಯ ಸಂಸ್ಥೆಗಳ ಶೇ. 5ರ ಅನುದಾನದಲ್ಲಿ ತ್ರಿಚಕ್ರ ವಾಹನ ಹಂಚುತ್ತಾರಲ್ಲ, ಆ ಸಾಲನ್ನು ನೋಡಿ. ಹಾರ, ಕೀಲಿ, ಫೋಟೊ. ಕೊಡುವುದು ಒಳ್ಳೆಯದೇ, ಎಷ್ಟೋ ಮನೆಗಳಲ್ಲಿ ಅದರಿಂದಲೇ ಒಲೆ ಉರಿಯುತ್ತಿದೆ. ಆದರೆ ಎಡಗೈ ಸೋತವನಿಗೂ ಬಲಗಾಲು ಸೋತವಳಿಗೂ ಒಂದೇ ಗಾಡಿ, ಒಂದೇ ಸೀಟು, ಬ್ರೇಕು ಒಂದೇ ಕಡೆ. ದರ್ಜಿಯಾದರೂ ಟೇಪು ಹಿಡಿದು ಅಳತೆ ತೆಗೆದುಕೊಳ್ಳುತ್ತಾನೆ.

ಗಾಲ್ಫಿನ ಇನ್ನೊಂದು ಕಥೆಯನ್ನು ನಾನು ಭಾಯ್‌ಗೆ ಓದಿ ಹೇಳಿದೆ. ಅಮೆರಿಕದ ಕೇಸಿ ಮಾರ್ಟಿನ್ ಎಂಬ ವೃತ್ತಿಪರ ಆಟಗಾರನಿಗೆ ಬಲಗಾಲಿನಲ್ಲಿ ರಕ್ತ ಸಂಚಾರದ ಹುಟ್ಟು ಕಾಯಿಲೆ. ನಡೆದರೆ ಮೂಳೆ ಮುರಿಯುವ ಭಯ. ಟೂರ್ನಿಯಲ್ಲಿ ಗಾಡಿ ಕೊಡಿ ಎಂದ. ಆಯೋಜಕರು, ನಡೆಯುವುದೂ ಆಟದ ಭಾಗ, ದಣಿವೂ ಪರೀಕ್ಷೆಯೇ ಎಂದರು. ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2001ರ ಮೇ 29ರಂದು ಏಳು ಜನ ನ್ಯಾಯಮೂರ್ತಿಗಳು ಅವನ ಪರ, ಇಬ್ಬರು ವಿರುದ್ಧ ತೀರ್ಪು ಕೊಟ್ಟರು. ಗಾಲ್ಫಿನ ಜೀವಾಳ ಚೆಂಡು ಹೊಡೆಯುವುದು, ನಡಿಗೆ ಅಲ್ಲ ಎಂದಿತು ಬಹುಮತ. ಐದು ಮೈಲಿಯನ್ನು ಐದು ಗಂಟೆಯಲ್ಲಿ ನಡೆದರೆ ಖರ್ಚಾಗುವ ಶಕ್ತಿ ಸುಮಾರು 500 ಕ್ಯಾಲೊರಿ, ಒಂದು ಬರ್ಗರಿಗಿಂತ ಕಡಿಮೆ ಎಂಬ ಸಾಕ್ಷ್ಯವೂ ದಾಖಲಾಗಿತ್ತು. ಮಾರ್ಟಿನ್ ಗಾಡಿಯಲ್ಲಿ ಕೂತು ನೋವಿನಲ್ಲಿ ಪಡುತ್ತಿದ್ದ ದಣಿವು ಉಳಿದವರು ನಡೆದು ಪಡುವುದಕ್ಕಿಂತ ಹೆಚ್ಚೆಂದು ವಿಚಾರಣಾ ನ್ಯಾಯಾಲಯ ಕಂಡುಕೊಂಡಿತ್ತು. 2021ರಲ್ಲಿ ಆ ಕಾಲನ್ನೇ ತೆಗೆಯಬೇಕಾಯಿತು. 2023ರಿಂದ ಗಾಲ್ಫಿನ ನಿಯಮ ಪುಸ್ತಕದಲ್ಲೇ ಅಂಗವಿಕಲ ಆಟಗಾರರಿಗೆ 25ನೇ ನಿಯಮ ಸೇರಿದೆ. ತೀರ್ಪಿನ ಕಥೆ ಕೇಳಿದ ಭಾಯ್ ತುಸು ಹೊತ್ತು ಸುಮ್ಮನಿದ್ದು, ‘ಅವನು ಮಾಫಿ ಕೇಳಲಿಲ್ಲ, ಗಾಡಿ ಕೇಳಿದ’ ಎಂದ.

ಅವನು ಹಾಗೆ ಹೇಳಿದ್ದಕ್ಕೆ ಕಾರಣವಿದೆ. 2018ರಲ್ಲಿ ಖಾಲೂ, ಅಂದರೆ ಅವನ ಅಬ್ಬ, ತೀರಿಕೊಂಡರು. ಜನಾಜಾಕ್ಕೆ ಹೆಗಲು ಕೊಡಲು ಅವನಿಂದ ಆಗದು, ಸರಿ. ಮಣ್ಣು ಹಾಕಲಾದರೂ ಬರುತ್ತೇನೆಂದು ಸ್ಕೂಟರಿನಲ್ಲಿ ಹಿಂದೆ ಬಂದ. ಕಬರಸ್ತಾನದ ಬಾಯಲ್ಲಿ ಆಟೋ, ಟಿಪ್ಪರು ನುಗ್ಗಿ ಮನೆ ಕೆಡವಿದ ಮಣ್ಣು ಸುರಿಯದಿರಲೆಂದು ಸೊಂಟದೆತ್ತರದ ಕಲ್ಲುಗಂಬ ನೆಟ್ಟಿದ್ದರು. ಹೆಗಲ ಮೇಲಿನ ಡೋಲಾ ಕಲ್ಲಿನ ಮೇಲಿಂದ ಹಾಯ್ದು ಹೋಯಿತು. ಜನ ಸಂದಿಯಲ್ಲಿ ಹೋದರು. ಮಾಮೂಲಿ ಸ್ಕೂಟರೂ ಹೋಗುತ್ತಿತ್ತು. ಇವನದು ಸಿಕ್ಕಿಕೊಂಡಿತು. ಒಳಗೆ ಮಳೆಯಲ್ಲಿ ನೆನೆದ ಜೇಡಿಮಣ್ಣು, ಬೈಸಾಖಿ ನಿಲ್ಲುವುದಿಲ್ಲ. ‘ನೀನು ಮಾಜೂರ್ ಬೇಟಾ, ಅಲ್ಲೇ ದುವಾ ಮಾಡು’ ಎಂದರು ಹಿರಿಯರೊಬ್ಬರು. ಕಡೆಗೆ ನಾವಿಬ್ಬರು ತೋಳಲ್ಲಿ ಎತ್ತಿಕೊಂಡು ಹೋದೆವು. ಮೂರು ಹಿಡಿ ಮಣ್ಣು ಹಾಕಿದ. ನಲವತ್ತು ದಾಟಿದ ಗಂಡಸು, ಹೆಂಡತಿ ಮಕ್ಕಳಿರುವವನು, ಊರಿನವರೆಲ್ಲರ ಮುಂದೆ ಕೂಸಿನ ಹಾಗೆ ಎತ್ತಿಸಿಕೊಂಡಾಗ ಅವನ ಮೈ ಹೇಗೆ ಬಿಗಿದುಕೊಂಡಿತ್ತೆಂದು ನನ್ನ ತೋಳಿಗೆ ಗೊತ್ತು.

ನಲವತ್ತನೇ ದಿನ ಕಳೆದ ಮೇಲೆ ಅವನು ಗೊಂಬೆ ಅಳೆಯುವ ಟೇಪು ತೆಗೆದುಕೊಂಡು ಹೋಗಿ ಕಲ್ಲುಗಳ ಸಂದಿ ಅಳೆದ. 36 ಇಂಚು. ಅವನ ಗಾಡಿಯ ಅಗಲ 42. ಆಚಾರ್ರ ಅಂಗಡಿಗೆ ಹೋದ. ಅವರು ನೆಲದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸಿದರು. ಚಕ್ರಗಳು ದೂರ ಇದ್ದಷ್ಟೂ ಗಾಡಿ ಗಟ್ಟಿ, ಹತ್ತಿರ ಬಂದಷ್ಟೂ ತಿರುವಿನಲ್ಲಿ ಮಗುಚುತ್ತದೆ. ‘ಆರಿಂಚು ಕುಯ್ದರೆ ನಾನು ನಿಮ್ಮನ್ನೂ ಅಲ್ಲಿಗೇ ಕಳಿಸ್ದಂಗೆ ಸಾಬ್ರೇ. ಒಂದ್ ಮೂರಿಂಚು ಅಂದ್ರೆ ನೋಡಾಣ.’ ಆಗ ರೆಸಾರ್ಟಿನ ಗಾಡಿ ನೆನಪಿಗೆ ಬಂತು. ಭಾರ ಕೆಳಗಿರಬೇಕು. ಕಾಲಿಡುವ ಹಲಗೆಯ ಅಡಿಗೆ ದಪ್ಪ ಕಬ್ಬಿಣದ ತಗಡು ಬಿಗಿದು, ಸೀಟಿನ ಸ್ಪಂಜು ತೆಗೆಸಿ ಎರಡಿಂಚು ತಗ್ಗಿಸಿ, ಎರಡೂ ಕಡೆ ಒಂದೂವರೆ ಇಂಚು ಒಳಕ್ಕೆ ತಂದರು. ಒಂದು ವಾರ ಕನಕಪುರದ ರಸ್ತೆಯಲ್ಲಿ ಓಡಿಸಿ ನೋಡಿದ. ಮಗುಚಲಿಲ್ಲ. 39 ಇಂಚು.

ಉಳಿದದ್ದು ಕಲ್ಲು. ಅದು ಕಮಿಟಿಯ ಕೈಯಲ್ಲಿ. ಒಬ್ಬನಿಗೋಸ್ಕರ ಕಲ್ಲು ಕೀಳುವುದೇ ಎಂದು ಆರು ತಿಂಗಳು ಮಾತಾಡಿದರು. ನಾನು ಸಭೆಯಲ್ಲಿ ಕೂತು ಕೇಳಿದ್ದೇನೆ. ಯಾರಿಗೂ ದ್ವೇಷವಿರಲಿಲ್ಲ, ಎಲ್ಲರಿಗೂ ಅವನ ಮೇಲೆ ಪ್ರೀತಿಯೇ. ಪ್ರೀತಿಯಿಂದಲೇ ಎತ್ತಿಕೊಂಡು ಹೋಗುತ್ತೇವೆ ಅನ್ನುತ್ತಿದ್ದರು. ಕಡೆಗೆ ಅವನೇ ಎದ್ದು, ‘ಆಟೋ 50 ಇಂಚಿನ ಮೇಲಿದೆ. ನೀವು ಸಂದಿಯನ್ನು 41 ಮಾಡಿದರೂ ಅದು ಒಳಗೆ ಬರಲ್ಲ. ನಾನು ಮೂರು ಬಿಟ್ಟಿದ್ದೀನಿ, ನೀವು ಐದು ಬಿಡಿ’ ಎಂದ. ಲೆಕ್ಕದ ಮುಂದೆ ಯಾರಿಗೂ ಮಾತು ಬರಲಿಲ್ಲ. ಒಂದು ಕಲ್ಲನ್ನು ಕಿತ್ತು ಐದು ಇಂಚು ಆಚೆಗೆ ನೆಟ್ಟರು, 2019ರ ರಂಜಾನಿಗೆ ಮೊದಲು. ಮಾಮೂಲಿ ಗುಂಡಿ, ಅರ್ಧ ದಿನದ ಕೂಲಿ.

ಗಾಡಿ ಎಂದರೆ ಚಕ್ರ, ಸೀಟು, ಬ್ರೇಕು ಎಂದುಕೊಂಡಿದ್ದ ನಾನು ಈಗ ಗೇಟನ್ನೂ ಅದರ ಬಿಡಿಭಾಗದ ಪಟ್ಟಿಗೆ ಸೇರಿಸಿದ್ದೇನೆ. ಹೆದ್ದಾರಿಯನ್ನೂ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ, ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಸ್ಕೂಟರು, ಆಟೋಗಳನ್ನು ನಿಷೇಧಿಸಿದರು. ವೇಗದ ಕಾರುಗಳ ನಡುವೆ ಅದು ಸರಿಯಾದದ್ದೇ. ಭಾಯ್ ಚನ್ನಪಟ್ಟಣದಿಂದ ರಾಮನಗರಕ್ಕೆ ಹಳೆಯ ರಸ್ತೆಯಲ್ಲೇ ಹೋಗಿಬರುತ್ತಾನೆ. ನಮ್ಮ ಜಿಲ್ಲೆ 2007ರಲ್ಲಿ ರಾಮನಗರವಾಯಿತು, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿತು. ಹೆಸರು ಬದಲಾಗುವ ವೇಗದಲ್ಲಿ ಕಚೇರಿಗಳ ಮೆಟ್ಟಿಲ ಪಕ್ಕ ಒಂದೊಂದು ಇಳಿಜಾರು ಬಂದಿದ್ದರೆ ಎಂದು ಅವನು ಗೊಣಗುತ್ತಾನೆ.

ಈಗ ಶಬ್ ಎ ಬರಾತಿನ ರಾತ್ರಿ ಅವನು ತಾನಾಗಿಯೇ ಅಬ್ಬನ ಕಬರಿನವರೆಗೆ ಹೋಗುತ್ತಾನೆ. ಎರಡು ಪಕ್ಕಕ್ಕೂ ಒಂದೊಂದು ಇಂಚು ಬಿಟ್ಟು ಕಲ್ಲುಗಳ ನಡುವೆ ನುಸುಳುವಾಗ ಲೇತಿಗೆ ಮರ ಕೂರಿಸುವ ಹಾಗೆ ಮುಖ ಮಾಡುತ್ತಾನೆ. ತೊಡಕು ಇನ್ನೊಂದಿದೆ. ಒಳಗೆ ಗಾಡಿ ತಿರುಗಿಸಲು ಜಾಗವಿಲ್ಲ, ಸ್ಕೂಟರಿಗೆ ರಿವರ್ಸ್ ಇಲ್ಲ. ಕಾಲೂರಿ ಹಿಂದಕ್ಕೆ ತಳ್ಳೋಣವೆಂದರೆ ಕಾಲೇ ಇಲ್ಲ. ಬರುವಾಗ ಯಾರಾದರೂ ಹಿಂದಿನಿಂದ ಎಳೆಯಬೇಕು. ಆಚಾರ್ರು ಯಾವುದೋ ಗುಜರಿಯಿಂದ ಹಳೆಯ ಕಾರಿನ ಸ್ಟಾರ್ಟರ್ ಮೋಟಾರ್ ತಂದಿಟ್ಟುಕೊಂಡು, ಹಿಂಚಕ್ರವನ್ನು ಅದರಿಂದ ಹಿಮ್ಮುಖ ತಿರುಗಿಸಬಹುದೇ ಎಂದು ನೋಡುತ್ತಿದ್ದಾರೆ. ಸ್ಕೂಟರಿನ ಬ್ಯಾಟರಿ ಅದನ್ನು ತಡೆಯುವುದಿಲ್ಲವೆಂದು ಭಾಯ್ ವಾದ. ಕಳೆದ ಶುಕ್ರವಾರ ನಾನು ಹೋದಾಗಲೂ ಇಬ್ಬರೂ ಅಂಗಡಿಯ ಮುಂದೆ ಟೀ ಲೋಟ ಹಿಡಿದುಕೊಂಡು ಅದೇ ಜಗಳದಲ್ಲಿದ್ದರು.